ಬಿಡ್ತು ಅನ್ನು

ಕಬ್ಬಾಳು
6 ಅಕ್ಟೋಬರ್ 2024

ಲತಾ,

ಕಾಗದದ ತಲೆಯಲ್ಲಿ ಏನು ಬರೆಯುವುದೆಂದು ತಿಳಿಯದೆ ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದೆ. ಸೊಸೆಗೆ ಬರೆಯುವಾಗ 'ಸೌಭಾಗ್ಯವತಿ' ಅಂತ ಶುರು ಮಾಡುವುದು ರೂಢಿ. ಅನಂತರಾಜು ಹೋದ ಮೇಲೆ ಅದನ್ನು ಬರೆಯುವ ಹಾಗಿಲ್ಲ. 'ಚಿರಂಜೀವಿ' ಅನ್ನೋಣವೆಂದರೆ, ಅವನು ಹಾಸ್ಟೆಲಿನಲ್ಲಿದ್ದಾಗ ಅವನಿಗೂ ಹಾಗೇ ಬರೆಯುತ್ತಿದ್ದೆ, ಏನು ಉಪಯೋಗವಾಯಿತು? ಅದಕ್ಕೇ ಬರೀ ಲತಾ ಅಂತ ಬರೆದಿದ್ದೇನೆ. ಬೇಜಾರಿಲ್ಲ ತಾನೇ?

ಫೋನಿರುವಾಗ ಈ ಮುದುಕಿಗೆ ಕಾಗದದ ಹುಚ್ಚು ಯಾಕೆ ಅಂತ ನಗಬೇಡ. ಭಾನುವಾರ ನೀನು ವೀಡಿಯೊದಲ್ಲಿ ಬಂದ ಕೂಡಲೇ ಪುಟ್ಟಿ ಫೋನು ಕಿತ್ತುಕೊಂಡು ಹಿತ್ತಲಿಗೆ ಓಡುತ್ತಾಳೆ. ಎಂಟು ವರ್ಷದ ಹುಡುಗಿ, ಅಮ್ಮನ ಮುಖ ತನಗೊಬ್ಬಳಿಗೇ ಬೇಕು. ಆಮೇಲೆ ನಿಮ್ಮ ಮಾವನ ಸರದಿ. ಅವರ ಕಿವಿಗೆ ಸ್ಪೀಕರ್ ಹಾಕಿದರೆ ಬೀದಿಯೆಲ್ಲ ಬಾಗಿಲಿಗೆ ಬಂದು ನಿಲ್ಲುತ್ತದೆ. ನನಗೂ ನಿನಗೂ ಉಳಿಯುವುದು 'ಊಟ ಆಯ್ತಾ' ಒಂದೇ ಮಾತು. ಅಂಗನವಾಡಿಯಲ್ಲಿ ಊರಿನ ಅರ್ಧ ಜನಕ್ಕೆ ಅಕ್ಷರ ತಿದ್ದಿಸಿದ ಕೈ ಇದು, ಸುಮ್ಮನೆ ಯಾಕಿರಬೇಕು? ನಾನು ಬರೆಯುತ್ತೇನೆ, ಪುಟ್ಟಿ ಫೋಟೋ ಹಿಡಿದು ನಿನಗೆ ಕಳಿಸುತ್ತಾಳೆ.

ನೀನು ಹೋದದ್ದೇನೋ ಹೋದೆ, ಊರಲ್ಲಿ ನನಗೆ ತಲೆ ಎತ್ತಿಕೊಂಡು ಓಡಾಡುವ ಹಾಗಿಲ್ಲ. ಬೈಗುಳಕ್ಕಲ್ಲ, ಬೇಡಿಕೆಗೆ. ನಿಮ್ಮ ಮಾವ ಹೋಟೆಲಿನಲ್ಲಿ ಕೂತು, "ನಮ್ ಸೊಸೆ ಸ್ಕಾಲರ್‌ಶಿಪ್ ಮೇಲೆ ಫಾರಿನ್‌ಗೆ ಹೋಗವ್ಳೆ ಕಣ್ರಲಾ, ಕೌನ್ಸೆಲಿಂಗ್ ಓದಕ್ಕೆ" ಅಂತ ಸಾರಿಬಿಟ್ಟರು. ನಮ್ಮೂರಲ್ಲಿ ಕೌನ್ಸೆಲಿಂಗ್ ಅಂದರೆ ಕಾಲೇಜಿನ ಸೀಟು ಹಂಚುವುದು, ಇಲ್ಲವಾದರೆ ಮೇಷ್ಟ್ರುಗಳ ವರ್ಗಾವಣೆ. ಮಾರನೆಯ ದಿನವೇ ಶಾಲೆಯ ಹೆಡ್ಮಾಸ್ಟರು ಬಾಳೆಹಣ್ಣಿನ ಚಿಪ್ಪು ಹಿಡಿದು ಬಂದರು. "ನಿಮ್ ಸೊಸೆ ಬಂದ್ಮೇಲೆ ನಂಗೊಂದು ಮಾಗಡಿ ಕಡೆಗೆ ಮಾಡಿಸ್ಕೊಡ್ಬೇಕು ಟೀಚ್ರಮ್ಮ" ಅಂದರು. ಅವರು ಅತ್ತ ಹೋದರೋ ಇಲ್ಲವೋ, ಹಿಂದಿನ ಬೀದಿಯ ಮುನಿಯಪ್ಪ ಬಂದ. ಅವನ ಮಗಳು ಸಿಂಚನಳಿಗೆ ಇಂಜಿನಿಯರಿಂಗ್ ಸೀಟು ಬೇಕಂತೆ. ಆ ಹುಡುಗಿ ಇನ್ನೂ ಪಿಯುಸಿ ಪರೀಕ್ಷೆಯನ್ನೇ ಬರೆದಿಲ್ಲ! ಮನೆಗೆ ಬಂದವರಿಗೆ ಇಲ್ಲ ಅನ್ನಲು ನನಗೆ ಬಾಯಿ ಬರುವುದಿಲ್ಲ, ನಿನಗೆ ಗೊತ್ತಲ್ಲ. "ನೋಡಾನ ಬುಡು" ಅಂದೆ. ಬಾಳೆಹಣ್ಣು ಮಾತ್ರ ಚೆನ್ನಾಗಿತ್ತು.

ಅದಿರಲಿ, ನೀನು ನಿಜವಾಗಿ ಅಲ್ಲಿ ಏನು ಓದುತ್ತೀಯ? ನನಗಾದರೂ ಬಿಡಿಸಿ ಹೇಳು.

ನಿನ್ನ ಅತ್ತೆ
ಸಿದ್ದಮ್ಮ


ಗ್ಲಾಸ್ಗೊ
19 ಅಕ್ಟೋಬರ್ 2024

ಅತ್ತೆಗೆ ಲತಾಳ ನಮಸ್ಕಾರ.

ನಿಮ್ಮ ಅಕ್ಷರ ಕಂಡು ಲೈಬ್ರರಿಯಲ್ಲೇ ಜೋರಾಗಿ ನಕ್ಕುಬಿಟ್ಟೆ. ಹೆಡ್ಮಾಸ್ಟರಿಗೆ ದಯವಿಟ್ಟು ಹೇಳಿ, ನಾನು ಬಂದರೂ ಅವರು ಇದ್ದಲ್ಲೇ ಇರುತ್ತಾರೆ.

ನಾನು ಓದುತ್ತಿರುವ ಕೌನ್ಸೆಲಿಂಗ್ ಬೇರೆ. ಮನಸ್ಸಿನಲ್ಲಿ ಹೊರಲಾರದಷ್ಟು ಇರುವವರು ಬಂದು ಎದುರು ಕೂರುತ್ತಾರೆ. ನಾವು ಕೇಳುತ್ತೇವೆ. ಬುದ್ಧಿ ಹೇಳುವ ಹಾಗಿಲ್ಲ, ಸಮಾಧಾನ ಮಾಡಿ ಬೇಗ ಕಳಿಸುವ ಹಾಗಿಲ್ಲ. ಅವರು ಹೇಳುತ್ತ ಹೇಳುತ್ತ ತಮ್ಮ ದಾರಿಯನ್ನು ತಾವೇ ಕಾಣುವವರೆಗೆ ಜೊತೆಗಿರುತ್ತೇವೆ. ಕೇಳಿದರೆ ಸುಲಭ ಅನ್ನಿಸುತ್ತದೆ. ಮೊದಲ ವಾರ ನನ್ನ ಅಭ್ಯಾಸವನ್ನು ರೆಕಾರ್ಡ್ ಮಾಡಿ ನನಗೇ ಕೇಳಿಸಿದರು. ಎದುರಿನವಳು ಒಂದು ಮಾತು ಮುಗಿಸುವ ಮೊದಲೇ ನಾನು 'ಅದಕ್ಕೆ ನೀನು ಹೀಗೆ ಮಾಡು' ಅಂತ ಶುರು ಮಾಡಿದ್ದೆ. ಥೇಟ್ ನಿಮ್ಮ ದನಿ ಅತ್ತೆ, ಇಂಗ್ಲಿಷಿನಲ್ಲಿ!

ಚಳಿಯ ವಿಷಯ ಮಾವನಿಗೆ ಭಾನುವಾರ ಹೇಳಿದ್ದೇನೆ, ಇಲ್ಲಿ ಬೇಡ. ಮಾತು ತಿಳಿಯುವುದು ಮಾತ್ರ ಕಷ್ಟ. ಈ ಊರಿನವರು ಇಂಗ್ಲಿಷನ್ನು ಅರ್ಧ ನುಂಗಿ ಮಾತಾಡುತ್ತಾರೆ. ಕನಕಪುರದ ಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡಿದ ಟೀಚರ್ ನಾನು, ಬಸ್ಸಿನಲ್ಲಿ ಡ್ರೈವರ್ ಏನಂದನೆಂದು ಮೂರು ಸಲ ಕೇಳುತ್ತೇನೆ. ಹೆದರಿಕೆಯೇನೂ ಇಲ್ಲ. ಈ ಕೆಲಸಕ್ಕೆ ಬೇಕಾದದ್ದು ನನ್ನಲ್ಲಿದೆ ಅಂತ ದಿನದಿನಕ್ಕೂ ಗೊತ್ತಾಗುತ್ತಿದೆ. ಓದು ಮುಗಿಸಿ ಬಂದು ಕನಕಪುರದಲ್ಲಿ ಒಂದು ಕೋಣೆ ಮಾಡುತ್ತೇನೆ. ಬಾಗಿಲ ಮೇಲೆ ಇಂಗ್ಲಿಷ್ ಹೆಸರು ಬೇಡ, ನೀವೇ ಒಂದು ಒಳ್ಳೆಯ ಕನ್ನಡದ ಹೆಸರು ಯೋಚಿಸಿಡಿ. ಇಲ್ಲವಾದರೆ ಸೀಟು ಕೇಳುವವರ ಸಾಲು ಬಸ್‌ಸ್ಟ್ಯಾಂಡಿನವರೆಗೆ ನಿಲ್ಲುತ್ತದೆ.

ಪುಟ್ಟಿಗೆ ಎಣ್ಣೆ ಹಚ್ಚುವಾಗ ಕಿವಿಯ ಹಿಂದೆ ನೋಡಿ, ಅವಳು ಅಲ್ಲಿ ಉಜ್ಜುವುದೇ ಇಲ್ಲ.

ನಿಮ್ಮ
ಲತಾ


ಕಬ್ಬಾಳು
15 ಡಿಸೆಂಬರ್ 2024

ಲತಾ,

ಕೇಳಿಸಿಕೊಳ್ಳುವುದನ್ನು ಕಲಿಯಲು ಸಮುದ್ರ ದಾಟಬೇಕಿತ್ತೇ? ಇಲ್ಲಿ ನಿಮ್ಮ ಮಾವನನ್ನು ಕಟ್ಟಿಕೊಂಡ ದಿನದಿಂದ ನಾನು ಮಾಡುತ್ತಿರುವುದು ಅದೇ ಕೆಲಸ, ಯಾರೂ ಸ್ಕಾಲರ್‌ಶಿಪ್ ಕೊಡಲಿಲ್ಲ.

ತಮಾಷೆಗಂದೆ. ಆದರೆ ಬುದ್ಧಿ ಹೇಳಬಾರದು ಅನ್ನುವುದು ಮಾತ್ರ ನನಗೆ ಹಿಡಿಸಲಿಲ್ಲ. ಕಷ್ಟ ಹೇಳಿಕೊಂಡು ಬಂದವರಿಗೆ ಒಂದು ಬುದ್ಧಿಮಾತು ಹೇಳದೆ ಕಳಿಸುವುದು ಊಟದ ಹೊತ್ತಿಗೆ ಬಂದವರನ್ನು ನೀರು ಕೊಟ್ಟು ಕಳಿಸಿದ ಹಾಗೆ. ಮೊನ್ನೆ ಮೇಲಿನ ಮನೆಯ ವಾರಗಿತ್ತಿಯರಿಬ್ಬರು ಜಗಳವಾಡಿಕೊಂಡು ನನ್ನ ಹತ್ತಿರ ಬಂದರು. ಇಬ್ಬರನ್ನೂ ಕೂರಿಸಿಕೊಂಡು, ಇವಳ ತಪ್ಪು ಇವಳಿಗೆ, ಅವಳ ತಪ್ಪು ಅವಳಿಗೆ ನೀಟಾಗಿ ಬಿಡಿಸಿ ಹೇಳಿದೆ. ಈಗ ಅವರಿಬ್ಬರೂ ಒಂದಾಗಿದ್ದಾರೆ, ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಕೆಲಸ ಆಯಿತೋ ಇಲ್ಲವೋ?

ಅವರೆಕಾಯಿ ಬಂದಿದೆ. ಮನೆಯ ತುಂಬ ಅದೇ ವಾಸನೆ. ಅನಂತು ಇದ್ದಿದ್ದರೆ ಹಿತಕಿದ ಬೇಳೆ ಸಾರಿಗೆ ರಾಗಿ ಮುದ್ದೆ ಎಷ್ಟು ಅಂತ... ಇರಲಿ. ಪುಟ್ಟಿ ಚೆನ್ನಾಗಿದ್ದಾಳೆ, ಕಿವಿಯ ಹಿಂದೆಯೂ ಚೆನ್ನಾಗಿದ್ದಾಳೆ.

ಹೆಸರು ಇನ್ನೂ ಹೊಳೆದಿಲ್ಲ.

ನಿನ್ನ ಅತ್ತೆ
ಸಿದ್ದಮ್ಮ


ಗ್ಲಾಸ್ಗೊ
9 ಫೆಬ್ರವರಿ 2025

ಅತ್ತೆಗೆ ನಮಸ್ಕಾರ.

ಈ ವಾರ ತರಗತಿಯಲ್ಲಿ ನಡೆದದ್ದನ್ನು ನಿಮಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಇದು ನಿಮ್ಮಿಂದಲೇ ಆದ ಎಡವಟ್ಟು.

ನಾವು ಓದುವವರು ಒಬ್ಬರಿಗೊಬ್ಬರು ಎದುರು ಕೂತು ಅಭ್ಯಾಸ ಮಾಡುತ್ತೇವೆ. ಒಬ್ಬರು ತಮ್ಮ ನಿಜವಾದ ಕಷ್ಟ ಹೇಳಬೇಕು, ಇನ್ನೊಬ್ಬರು ಕೇಳಬೇಕು. ಮೇಡಂ ಪಕ್ಕದಲ್ಲಿ ಕೂತು ನೋಡುತ್ತಾರೆ. ನನ್ನೆದುರು ಕೂತವಳ ಹೆಸರು ಹೇಳುವುದಿಲ್ಲ, ಅದು ನಮ್ಮ ನಿಯಮ. ಮಾತಾಡುತ್ತ ಆಡುತ್ತ ಅವಳು, 'ಕೆಲವು ಬೆಳಿಗ್ಗೆ ನಾನು ಏಳದೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತೆ' ಅಂದಳು. ಅತ್ತೆ, ನನ್ನ ಬಾಯಿಂದ ಯೋಚನೆಗೂ ಮೊದಲೇ, ಅಚ್ಚ ಕನ್ನಡದಲ್ಲಿ, "ಥೂ, ಬಿಡ್ತು ಅನ್ನು!" ಅಂತ ಬಂದುಬಿಟ್ಟಿತು. ಗದರಿದ ಹಾಗೆ.

ಅವಳು ಗಾಬರಿಯಾಗಿ ಕುರ್ಚಿ ಹಿಂದಕ್ಕೆಳೆದುಕೊಂಡಳು. ಮೇಡಂ ರೆಕಾರ್ಡರ್ ನಿಲ್ಲಿಸಿ, ಅದು ಏನು ಮಾತು ಅಂತ ಕೇಳಿದರು. ಹೇಗೆ ವಿವರಿಸಲಿ? ನಮ್ಮಲ್ಲಿ ಯಾರಾದರೂ ಸಾವಿನ ಮಾತು, ಕೆಟ್ಟ ಮಾತು ಆಡಿದರೆ ಕೇಳಿದವರು ಕೂಡಲೇ 'ಬಿಡ್ತು ಅನ್ನು' ಅನ್ನುತ್ತೇವೆ. ಆಡಿದವರು 'ಬಿಡ್ತು' ಅನ್ನಬೇಕು. ಆಗ ಆ ಮಾತು ನಿಜವಾಗದೆ ಬಿಟ್ಟು ಹೋಗುತ್ತದೆ ಅಂತ ನಂಬಿಕೆ. ಇಷ್ಟನ್ನು ಹೇಳಿದೆ. ಪ್ರೀತಿಯಿಂದ ಹೇಳುವ ಮಾತು ಅದು ಅಂತಲೂ ಹೇಳಿದೆ. ಮೇಡಂ ನಗಲಿಲ್ಲ, ಬಯ್ಯಲೂ ಇಲ್ಲ. ಒಂದೇ ಪ್ರಶ್ನೆ ಕೇಳಿದರು. "ಬಿಡ್ತು ಅಂದ ಮೇಲೆ ಆ ಮಾತು ಬಿಟ್ಟು ಹೋಗುವುದು ಯಾರನ್ನು? ಹೇಳಿದವರನ್ನೋ, ಕೇಳಿದವರನ್ನೋ?"

ಆ ಪ್ರಶ್ನೆಯನ್ನು ಹಾಗೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದೆ. ಆ ಹುಡುಗಿ ಮತ್ತೆ ಬಾಯಿ ಬಿಡಲು ಎರಡು ದಿನ ಬೇಕಾಯಿತು. ಅವಳು ಈಗ ಚೆನ್ನಾಗಿದ್ದಾಳೆ. ನಾನೂ ಆ ಅಭ್ಯಾಸವನ್ನು ಮತ್ತೆ ಮಾಡಿ ಪಾಸಾದೆ, ಆ ಚಿಂತೆ ಬೇಡ.

ನೀವಾಗಿದ್ದರೆ ಏನು ಉತ್ತರ ಕೊಡುತ್ತಿದ್ದಿರಿ?

ನಿಮ್ಮ
ಲತಾ


ಕಬ್ಬಾಳು
2 ಮಾರ್ಚ್ 2025

ಲತಾ,

ನಾನಾಗಿದ್ದರೆ ಆ ಮೇಡಂಗೂ "ಮೊದ್ಲು ಬುಡ್ತು ಅನ್ನಿ, ಆಮ್ಯಾಕೆ ಪಾಠ" ಅನ್ನುತ್ತಿದ್ದೆ.

ನೀನು ಹೇಳಿದ್ದರಲ್ಲಿ ಏನೂ ತಪ್ಪಿಲ್ಲ. ಬಾಯಿಂದ ಬಂದ ಮಾತಿಗೆ ಒಂದು ತಡೆ ಬೇಕು. ತಡೆ ಇಲ್ಲದಿದ್ದರೆ ಅದು ಮನೆಯೊಳಗೆ ಓಡಾಡಿಕೊಂಡಿರುತ್ತದೆ. ನನ್ನ ತಾಯಿ ನನಗೆ ಅನ್ನಿಸಿದ್ದಾಳೆ, ನಾನು ಅಂಗನವಾಡಿಯ ಪ್ರತಿಯೊಂದು ಮಗುವಿಗೂ ಅನ್ನಿಸಿದ್ದೇನೆ. ಎಲ್ಲರೂ ಗಟ್ಟಿಮುಟ್ಟಾಗಿದ್ದಾರೆ.

ಎಲ್ಲರೂ ಅಂತ ಬರೆದೆ, ಅನಂತುವಿಗೂ ಅನ್ನಿಸಿದ್ದೆ. ಅಳಿಸುವುದಿಲ್ಲ, ಕಾಗದ ಕೊಳಕಾಗುತ್ತದೆ.

ನಿಮ್ಮ ಮೇಡಂ ಪ್ರಶ್ನೆಗೆ ಉತ್ತರ ನನಗೂ ಗೊತ್ತಿಲ್ಲ. ಅದನ್ನು ಹಿಟ್ಟು ನಾದುವಾಗ ಯೋಚಿಸಿ ನೋಡಿದೆ, ಆಮೇಲೆ ಒಲೆಯ ಮೇಲಿನದು ಸೀದು ಹೋಯಿತು. ಓದಿನ ಮೇಲೆ ಗಮನವಿರಲಿ.

ನಿನ್ನ ಅತ್ತೆ
ಸಿದ್ದಮ್ಮ


ಕಬ್ಬಾಳು
8 ಜೂನ್ 2025

ಲತಾ,

ಬಹಳ ದಿನವಾಯಿತು ಬರೆದು. ರೇಷ್ಮೆ ಹುಳ ಜ್ವರಕ್ಕೆ ಬಂದು, ಪೊರೆ ಕಳಚಿ ಎದ್ದವು. ಈಗ ಹಗಲೆಲ್ಲ ಸೊಪ್ಪು ತಂದು ಹಾಕುವುದೇ ಕೆಲಸ, ರೇಷ್ಮೆ ಹುಳಕ್ಕೆ ಹಸಿವಾದರೆ ಮನುಷ್ಯರ ಹಸಿವು ಯಾರಿಗೂ ನೆನಪಿರುವುದಿಲ್ಲ. ಪುಟ್ಟಿಯ ಶಾಲೆ ಶುರುವಾಗಿದೆ. ನಿಮ್ಮ ಮಾವ ಹೊಸ ಚಪ್ಪಲಿ ಕಬ್ಬಾಳಮ್ಮನ ಗುಡಿಯ ಮುಂದೆ ಬಿಟ್ಟು ಹಳೆಯದರಲ್ಲಿ ಬಂದರು, ಅದೂ ಬೇರೆಯವರದು.

ಸೀಟಿನ ಗಲಾಟೆ ಮತ್ತೆ ಶುರುವಾಗಿದೆ. ಮುನಿಯಪ್ಪನ ಮಗಳು ಸಿಂಚನಳಿಗೆ ಸಿಇಟಿಯಲ್ಲಿ ರ‍್ಯಾಂಕು ಎಲ್ಲೋ ಕೆಳಗೆ ಬಂದಿದೆ. ಆದರೂ ಅವರಪ್ಪ, "ರ‍್ಯಾಂಕ್ ಕಟ್ಕೊಂಡು ಏನಾಯ್ತದೆ, ಟೀಚ್ರಮ್ಮನ ಸೊಸೆ ಕೌನ್ಸೆಲಿಂಗಲ್ಲೇ ಅವ್ಳಲ್ಲ, ಸೀಟು ಗ್ಯಾರಂಟಿ" ಅಂತ ಊರಿಗೆಲ್ಲ ಹೇಳಿಕೊಂಡಿದ್ದಾನೆ. ಹುಡುಗಿ ಮಾರ್ಕ್ಸ್ ಕಾರ್ಡು, ಜಾತಿ ಸರ್ಟಿಫಿಕೇಟು ಎಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಸಂಜೆಯಾದರೆ ನಮ್ಮ ಜಗಲಿಗೆ ಬಂದು ಕೂರುತ್ತಿತ್ತು. ಚೀಲ ಬಿಚ್ಚುತ್ತಲೂ ಇರಲಿಲ್ಲ. ನಾನು ಕಡಲೆಕಾಯಿ ಬಿಡಿಸಿದರೆ ತಾನೂ ಬಿಡಿಸುವುದು, ಕಾಫಿ ಕೊಟ್ಟರೆ ಕುಡಿಯುವುದು.

ಹೋದ ವಾರ ಹೀಗೇ ಕೂತಿದ್ದಾಗ, "ಅಜ್ಜಿ, ಸೀಟ್ ಗೀಟ್ ಏನೂ ಬ್ಯಾಡ. ಮಲಗ್ದೋಳು ಹಂಗೇ ಏಳ್ದೆ ಇದ್ಬುಟ್ರೆ ಎಷ್ಟೋ ಚೆಂದಾಗಿರ್ತದೆ" ಅಂದಳು. ನಾನು ಮೊರ ಕೆಳಗಿಟ್ಟು, "ಥೂ, ಬುಡ್ತು ಅನ್ನು" ಅಂತ ಗದರಿದೆ. "ಬುಡ್ತು" ಅಂದಳು. ಒಳ್ಳೆಯ ಹುಡುಗಿ, ಹೇಳಿದ ಮಾತು ಕೇಳುತ್ತಾಳೆ. ಲೋಟ ತೊಳೆದಿಟ್ಟು ಹೋದಳು. ಆಮೇಲೆ ಈ ಕಡೆ ಬಂದಿಲ್ಲ.

ನಿನ್ನೆ ಪುಟ್ಟಿ ಅವರ ಮನೆಗೆ ಹೋಗಿದ್ದಳಂತೆ. ಸಿಂಚನ ತನ್ನ ಬಣ್ಣದ ಪೆನ್ನು, ಜುಮಕಿ, ರಿಬ್ಬನ್ನು ಎಲ್ಲವನ್ನೂ ಪುಟ್ಟಿಗೆ ಕೊಟ್ಟು ಕಳಿಸಿದ್ದಾಳೆ. "ನಂಗಿನ್ನು ಬ್ಯಾಡ" ಅಂದಳಂತೆ. ಪುಟ್ಟಿಗೆ ಹಬ್ಬ. ಜುಮಕಿ ವಾಪಸು ಕೊಡಿಸಲೋ ಬೇಡವೋ, ನೀನೇ ಹೇಳು.

ನಿನ್ನ ಅತ್ತೆ
ಸಿದ್ದಮ್ಮ


ಗ್ಲಾಸ್ಗೊ
8 ಜೂನ್ 2025

ಅತ್ತೆ,

ಕೈಯಲ್ಲಿ ಬರೆಯಲು ಸಮಯವಿಲ್ಲ, ಟೈಪ್ ಮಾಡುತ್ತಿದ್ದೇನೆ. ಫೋನು ಮಾಡಿದೆ, ನೀವು ತೋಟದಲ್ಲಿದ್ದೀರಿ ಅಂತ ಪುಟ್ಟಿ ಹೇಳಿದಳು. ಅಲ್ಲಿ ಮಾತು ಸರಿಯಾಗಿ ಕೇಳುವುದಿಲ್ಲ. ಫೋನನ್ನು ಓಡಿಹೋಗಿ ನಿಮ್ಮ ಕೈಗೇ ಕೊಡಬೇಕು, ತಾನು ಓದಬಾರದು ಅಂತ ಅವಳಿಗೆ ಹೇಳಿದ್ದೇನೆ.

ಇದನ್ನು ಓದಿದ ಕೂಡಲೇ ಸಿಂಚನಳ ಮನೆಗೆ ಹೋಗಿ. ಸೊಪ್ಪು ಆಮೇಲೆ. ಅವಳು ಆಡಿದ ಮಾತು, ಆಮೇಲೆ ಬರದೇ ಇದ್ದದ್ದು, ತನ್ನ ಇಷ್ಟದ ವಸ್ತುಗಳನ್ನೆಲ್ಲ ಕೊಟ್ಟುಬಿಟ್ಟದ್ದು, ಮೂರೂ ಸೇರಿದರೆ ನನಗೆ ಭಯವಾಗುತ್ತದೆ. ನಾನು ಓದಿರುವುದು ಇದನ್ನೇ ಅತ್ತೆ, ಇದರಲ್ಲಿ ನನ್ನ ಮಾತು ನಂಬಿ.

ಹೋಗಿ ಅವಳನ್ನು ನೇರವಾಗಿ ಕೇಳಿ, ಸಾಯಬೇಕು ಅಂತ ಅನ್ನಿಸುತ್ತಿದೆಯಾ ಅಂತ. ಸುತ್ತಿ ಬಳಸಿ ಬೇಡ, ಇದೇ ಮಾತು. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅಂತ ನೀವು ಹೆದರುತ್ತೀರಿ, ಹಾಗಾಗುವುದಿಲ್ಲ. ಕೇಳುವವರು ಒಬ್ಬರಿದ್ದಾರೆ ಅಂತ ಅವಳಿಗೆ ಗೊತ್ತಾಗುತ್ತದೆ, ಅಷ್ಟೇ. ಅವಳು ಹೌದು ಅಂದರೆ ಬಯ್ಯಬೇಡಿ, ದೇವರ ಹೆಸರು ಹೇಳಬೇಡಿ, ಬಿಡ್ತು ಅನ್ನಿಸಬೇಡಿ. ಹೇಳಲಿ. ಅವಳನ್ನು ಒಬ್ಬಳೇ ಬಿಡಬೇಡಿ, ಅವರಪ್ಪ ಅಮ್ಮನಿಗೆ ತಿಳಿಸಿ. ನಾಳೆ ಬೆಳಿಗ್ಗೆಯೇ ರಾಮನಗರದ ಜಿಲ್ಲಾಸ್ಪತ್ರೆಯಲ್ಲಿ ಮನಸ್ಸಿನ ಡಾಕ್ಟರಿಗೆ ತೋರಿಸಬೇಕು. ನಡುವೆ ಏನಾದರೂ ಬೇಕಾದರೆ 14416ಕ್ಕೆ ಫೋನು ಮಾಡಿ, ಸರ್ಕಾರದ್ದು, ಕನ್ನಡದಲ್ಲೇ ಮಾತಾಡುತ್ತಾರೆ.

ನಿಮ್ಮ ಕೈಲಿ ಆಗುತ್ತದೆ. ನಾನು ಫೋನು ಹಿಡಿದುಕೊಂಡೇ ಕೂತಿರುತ್ತೇನೆ.

ಲತಾ


ಕಬ್ಬಾಳು
10 ಜೂನ್ 2025

ಲತಾ,

ಮೊನ್ನೆ ಫೋನಿನಲ್ಲಿ 'ಅವಳು ನಮ್ಮನೇಲಿ ಅವ್ಳೆ, ಊಟ ಮಾಡ್ತಾವ್ಳೆ' ಅಂತಷ್ಟೇ ಹೇಳಿದೆ. ಎಲ್ಲರೂ ಸುತ್ತ ನಿಂತಿದ್ದರು. ಈ ಕಾಗದದ ಫೋಟೋ ಹಿಡಿಯುವುದನ್ನು ನಾನೇ ಕಲಿತೆ, ಪುಟ್ಟಿಯ ಕಣ್ಣಿಗೆ ಬೀಳಬಾರದೆಂದು. ಅಕ್ಷರ ಸೊಟ್ಟಗೆ ಬಂದಿದ್ದರೆ ಫೋನನ್ನೇ ಸೊಟ್ಟ ಹಿಡಿದು ಓದಿಕೋ.

ನೀನು ಬರೆದದ್ದು ಓದಿ, ಸೊಪ್ಪಿನ ಹೊರೆ ಬದುವಿನ ಮೇಲೆ ಹಾಕಿ ಹೊರಟೆ. ದಾರಿಯುದ್ದಕ್ಕೂ ಆ ಪ್ರಶ್ನೆಯನ್ನು ಬಾಯಲ್ಲಿ ಹೇಳಿ ನೋಡಿದೆ. ಆಗಲಿಲ್ಲ. ಅರವತ್ತು ದಾಟಿದ ಹೆಂಗಸು ನಾನು, ಹೆಣ ನೋಡಿದ್ದೇನೆ, ಮಗನ ಹೆಣವನ್ನೇ ನೋಡಿದ್ದೇನೆ. ಆದರೂ ಆ ಮಾತು ನಾಲಗೆಗೆ ಹತ್ತಲಿಲ್ಲ.

ಮುನಿಯಪ್ಪ, ಅವನ ಹೆಂಡತಿ ಚನ್ನಪಟ್ಟಣಕ್ಕೆ ಮದುವೆಗೆ ಹೋಗಿದ್ದರು. ಹುಡುಗಿ ತಲೆನೋವು ಅಂತ ಉಳಿದುಕೊಂಡಿತ್ತು. ಬಾಗಿಲನ್ನು ಅರ್ಧ ತೆಗೆದು, "ಅಪ್ಪ ಇಲ್ಲ ಅಜ್ಜಿ" ಅಂದಳು. "ನಿಮ್ಮಪ್ಪನ್ ಮಾತಾಡ್ಸಕ್ಕೆ ಬರ್ಲಿಲ್ಲ, ನಿನ್ನ ಮಾತಾಡ್ಸಕ್ಕೆ ಬಂದೆ" ಅಂತ ನುಗ್ಗಿಯೇ ಹೋದೆ. ನಡುಮನೆ ಗುಡಿಸಿ ಒಪ್ಪ ಮಾಡಿಟ್ಟಿದ್ದಳು. ಎಲ್ಲ ಮುಗಿಸಿ ಹೊರಟವರ ಮನೆಯ ಹಾಗಿತ್ತು. ಚಾಪೆಯ ಮೇಲೆ ಕೂತೆ, ಅವಳನ್ನೂ ಪಕ್ಕದಲ್ಲಿ ಕೂರಿಸಿಕೊಂಡೆ.

"ಮಗ, ಒಂದ್ ಮಾತ್ ಕೇಳ್ತೀನಿ, ಮುಚ್ಚುಮರೆ ಬ್ಯಾಡ. ಸತ್ತೋಗ್ಬೇಕು ಅಂತ ಅನ್ಸ್ತದಾ ನಿಂಗೆ?"

ಹೇಗೆ ಬಂತೋ, ಬಂತು. ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ, "ಬುಡ್ತು ಅನ್ಸಲ್ವಾ ಅಜ್ಜಿ?" ಅಂತ ಕೇಳಿದಳು.

"ಅನ್ಸಲ್ಲ. ನೀನ್ ಹೇಳು."

ಲತಾ, ಆ ಹುಡುಗಿ ಅತ್ತ ಅಳು ನಾನು ಯಾವ ಮಗುವಿನಿಂದಲೂ ಕೇಳಿಲ್ಲ. ಅತ್ತು ಅತ್ತು, ಆಮೇಲೆ ಒಂದೊಂದೇ ಹೇಳಿದಳು. ವರ್ಷದಿಂದ ಹಾಗೆ ಅನ್ನಿಸುತ್ತಿದೆಯಂತೆ. ಓದಲು ಕೂತರೆ ಅಕ್ಷರ ತಲೆಗೆ ಹೋಗುತ್ತಿರಲಿಲ್ಲವಂತೆ. ರ‍್ಯಾಂಕು ಬಂದ ದಿನ ಎಲ್ಲ ಮುಗಿಯಿತು ಅಂದುಕೊಂಡಳಂತೆ, ಆದರೆ ಅವರಪ್ಪ ಸೀಟು ಗ್ಯಾರಂಟಿ ಅಂತ ಊರಲ್ಲಿ ಹೇಳುತ್ತಲೇ ಹೋದ. ಸೀಟು ಇಲ್ಲ ಅಂತ ಇವಳಿಗೆ ಗೊತ್ತು, ಇಂಟರ್ನೆಟ್ಟಿನಲ್ಲಿ ನೋಡಿದ್ದಾಳೆ ನೀನು ಏನು ಓದುತ್ತೀಯ ಅಂತ. ನಮ್ಮ ಜಗಲಿಗೆ ಬರುತ್ತಿದ್ದದ್ದು ಸೀಟಿಗಲ್ಲವಂತೆ. "ನಿಮ್ ಸೊಸೆ ಕೇಳಿಸ್ಕೊಳೋ ಡಾಕ್ಟ್ರು ಅಂತ ಗೊತ್ತಾಯ್ತು. ನೀವೂ ಅವ್ರಂಗೆ ಕೇಳಿಸ್ಕೋತೀರೇನೋ ಅಂದ್ಕಂಡೆ" ಅಂದಳು. ಕೇಳಿಸಿಕೊಂಡೆನಲ್ಲ, ಥೂ ಅಂತ!

ನಾನು ಏನೂ ಬುದ್ಧಿ ಹೇಳಲಿಲ್ಲ. ಬಾಯಿಗೆ ಬಂದದ್ದನ್ನೆಲ್ಲ ನುಂಗಿದೆ. ಎಷ್ಟು ಕಷ್ಟದ ಕೆಲಸ ಮಾರಾಯ್ತಿ ನಿನ್ನದು.

ಆಮೇಲೆ ಅವಳು ಕಣ್ಣೊರೆಸಿಕೊಂಡು, "ಅಜ್ಜಿ, ಅನಂತಣ್ಣ ಹೋದಾಗ ನಿಮ್ಗೂ ಹಿಂಗೇ ಅನ್ಸಿತ್ತಾ?" ಅಂತ ಕೇಳಿದಳು. ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. "ಹೂಂ" ಅಂದೆ. ಅವಳು ನನ್ನ ಕೈ ಹಿಡಿದುಕೊಂಡಳು.

ಮುನಿಯಪ್ಪ ಬರುವವರೆಗೆ ಅವಳನ್ನು ನಮ್ಮ ಮನೆಗೆ ಕರೆದುಕೊಂಡು ಬಂದೆ. ಅವರಪ್ಪನಿಗೆ ಯಾರು ಹೇಳುವುದು ಅಂತ ಅವಳನ್ನೇ ಕೇಳಿದೆ. "ನೀವೇ ಹೇಳಿ, ನಾನ್ ಪಕ್ಕದಲ್ಲಿರ್ತೀನಿ" ಅಂದಳು. ಹೇಳಿದೆ. ಅವನು ಬಾಯಿ ತೆಗೆದು "ಅಯ್ಯೋ, ಬುಡ್ತು..." ಅಂದ. ನಾನು ಕೈಯೆತ್ತಿ ತಡೆದೆ. "ಸೀಟಿಲ್ಲ ಮುನಿಯಪ್ಪ. ಯಾವತ್ತೂ ಇರ್ಲಿಲ್ಲ. ನಾನು ನೋಡಾನ ಅಂದಿದ್ದು ತಪ್ಪು. ಈಗ ಮಗಳ್ನ ನೋಡು" ಅಂದೆ. ಜನ್ಮದಲ್ಲಿ ಮೊದಲ ಸಲ ಒಬ್ಬರಿಗೆ ಇಲ್ಲ ಅಂದೆ, ಅಷ್ಟೇನೂ ಕಷ್ಟವಾಗಲಿಲ್ಲ. ಅವನು ಗೋಡೆಗೊರಗಿ ಕೂತು, "ನಂಗ್ ಸೀಟ್ ಬ್ಯಾಡ ಕಣವ್ವ, ನೀನಿದ್ರೆ ಸಾಕು" ಅಂತ ಮಗಳ ಕಾಲು ಹಿಡಿದುಕೊಂಡ.

ನಿನ್ನೆ ಬೆಳಿಗ್ಗೆ ಮೊದಲ ಬಸ್ಸಿಗೇ ನಾಲ್ಕೂ ಜನ ರಾಮನಗರಕ್ಕೆ ಹೋಗಿ ಬಂದೆವು. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ನಿನ್ನ ಹಾಗೇ ಕೇಳುತ್ತಾಳೆ. ಸರಿಯಾದ ಹೊತ್ತಿಗೆ ತಂದಿರಿ ಅಂದಳು.

ಸಿದ್ದಮ್ಮ


ಗ್ಲಾಸ್ಗೊ
10 ಜೂನ್ 2025

ಅತ್ತೆಗೆ ನಮಸ್ಕಾರ.

ಮೂರು ಸಲ ಓದಿದೆ. ನಮ್ಮ ತರಗತಿಯಲ್ಲಿ ವರ್ಷವಿಡೀ ಓದಿದವರೂ ಇಷ್ಟು ಚೆನ್ನಾಗಿ ಮಾಡುತ್ತಿರಲಿಲ್ಲ ಅಂತ ಬರೆದರೆ ನಿಮಗೆ ಕೊಬ್ಬು ಬರುತ್ತದೆ, ಅದಕ್ಕೇ ಬರೆಯುವುದಿಲ್ಲ. ಚೆನ್ನಾಗಿ ಮಾಡಿದಿರಿ.

ಮುಂದಿನ ಕೆಲವು ತಿಂಗಳು ಮುಖ್ಯ. ಮಾತ್ರೆ ತಪ್ಪಿಸಬಾರದು, ಚೆನ್ನಾಗಿದ್ದೇನೆ ಅಂದ ಕೂಡಲೇ ಆಸ್ಪತ್ರೆ ಬಿಡಬಾರದು. ಒಂದು ದಿನ ನಗುತ್ತಾಳೆ, ಮರುದಿನ ಮುಸುಕೆಳೆದು ಮಲಗುತ್ತಾಳೆ, ಎರಡಕ್ಕೂ ಗಾಬರಿ ಬೇಡ. ಜುಮಕಿ ವಾಪಸು ಕೊಡಿಸಿ. ಪುಟ್ಟಿ ಅತ್ತರೆ ನಾನು ಬರುವಾಗ ತರುತ್ತೇನೆ ಅಂತ ಹೇಳಿ.

ಪರೀಕ್ಷೆಗಳು ಹತ್ತಿರ ಬಂದಿವೆ, ಇನ್ನೊಂದು ಸಲ ನಿಧಾನವಾಗಿ ಬರೆಯುತ್ತೇನೆ.

ನಿಮ್ಮ
ಲತಾ


ಕಬ್ಬಾಳು
20 ಜುಲೈ 2025

ಲತಾ,

ಸಿಂಚನ ಪರವಾಗಿಲ್ಲ. ಕನಕಪುರದ ಕಾಲೇಜಿನಲ್ಲಿ ಬಿಕಾಂಗೆ ಸೇರಿದ್ದಾಳೆ. ಒಂದೊಂದು ದಿನ ಮಂಕಾಗಿರುತ್ತಾಳೆ. ಆಗ ನಮ್ಮ ಜಗಲಿಗೆ ಬಂದು, "ಅಜ್ಜಿ, ಇವತ್ತು ಒಸಿ ಐತೆ" ಅನ್ನುತ್ತಾಳೆ. ನಾನು "ಕೂತ್ಕೊ" ಅನ್ನುತ್ತೇನೆ. ಅವರಪ್ಪ ಆಸ್ಪತ್ರೆಯ ದಿನ ತಪ್ಪದೆ ತೋಟದ ಕೆಲಸ ಬಿಟ್ಟು ಜೊತೆಗೆ ಹೋಗುತ್ತಾನೆ. ಈಗ ಹೋಟೆಲಿನಲ್ಲಿ ಕೌನ್ಸೆಲಿಂಗ್ ಅಂದರೆ ಏನು ಅಂತ ಎಲ್ಲರಿಗೂ ವಿವರಿಸುವವನು ಅವನೇ. ನಿಮ್ಮ ಮಾವ ಅವನಿಗೆ ಕಾಫಿ ಕೊಡಿಸಿ ಕೇಳುತ್ತಾರೆ.

ಈಗ ನನ್ನ ಮಾತು. ಆ ಹುಡುಗಿ ಕೇಳಿದ್ದಕ್ಕೆ ನಾನು ಹೂಂ ಅಂದದ್ದನ್ನು ನಿನಗೆ ಬರೆದಿದ್ದೆ. ನೀನು ಅದೇ ದಿನ ಉತ್ತರ ಬರೆದೆ, ಮಾತ್ರೆ, ಆಸ್ಪತ್ರೆ, ಜುಮಕಿ ಎಲ್ಲ ಬರೆದೆ, ಆ ಹೂಂ ಒಂದನ್ನು ಬಿಟ್ಟೆ. ಭಾನುವಾರಗಳು ಬಂದು ಹೋದವು. ಕೇಳುತ್ತೀಯೇನೋ ಅಂತ ಕಾದೆ. ಊರಿನ ಕೂಸಿನ ಒಂದು ಮಾತಿಗೆ ಅಲ್ಲಿಂದ ಗಾಬರಿಬಿದ್ದೆಯಲ್ಲ, ನನ್ನ ಮಾತಿಗೆ ಯಾಕೆ ಬಾಯಿ ಮುಚ್ಚಿದೆ? ಬೈಯುತ್ತಿಲ್ಲ ಕಣಮ್ಮ. ಕೇಳುತ್ತಿದ್ದೇನೆ.

ಅನಂತು ತೀರಿಕೊಂಡ ವರ್ಷ ನನಗೆ ಬೆಳಿಗ್ಗೆ ಏಳುವುದೇ ಬೇಡ ಅನ್ನಿಸುತ್ತಿತ್ತು. ಅವನ ಸಾವಿನ ಸುದ್ದಿ ಹೇಳಲು ಬಿಡದಿಯಿಂದ ಆ ಫೋನು ಬಂದಿತ್ತಲ್ಲ, ದಿನಾ ಅದೇ ಹೊತ್ತಿಗೆ ಫೋನಿಗೆ ಬೆನ್ನು ಹಾಕಿ ಕೂರುತ್ತಿದ್ದೆ. ಪುಟ್ಟಿ ತಲೆ ಬಾಚು ಅಂತ ಬಾಚಣಿಗೆ ಹಿಡಿದು ಬಂದು ನಿಲ್ಲುತ್ತಿದ್ದಳು, ಅದಕ್ಕೆ ಎದ್ದೆ. ನೀನು ನಿನ್ನ ಕೋಣೆಯಲ್ಲಿದ್ದೆ, ನಾನು ಅಡುಗೆಮನೆಯಲ್ಲಿದ್ದೆ. ಇಬ್ಬರ ನಡುವೆ ಒಂದು ಗೋಡೆ. ನೀನು ಅತ್ತದ್ದು ನನಗೆ ಕೇಳುತ್ತಿತ್ತು. ನನ್ನದೂ ನಿನಗೆ ಕೇಳಿರಬೇಕು. ಇಬ್ಬರೂ ಬೆಳಗಾದರೆ ಕಾಫಿ ಸೋಸಿಕೊಂಡು 'ಊಟಕ್ಕೇನು' ಅಂತ ಮಾತಾಡುತ್ತಿದ್ದೆವು.

ನೀನು ಈಗ ಕೇಳುವ ಕೆಲಸವನ್ನೇ ಕಲಿತು ಬರುತ್ತಿದ್ದೀಯ. ಕನಕಪುರದಲ್ಲಿ ಕೋಣೆ ತೆಗೆದ ದಿನ ಮೊದಲು ಬಂದು ಕೂರುವವಳು ನಾನು. ಬೇರೆ ಯಾರ ಹೆಸರನ್ನೂ ಅದಕ್ಕೂ ಮೊದಲು ಬರೆದುಕೊಳ್ಳಬೇಡ. ನನಗೆ ಅವನ ವಿಷಯ ಮಾತಾಡಬೇಕು.

ನಿನ್ನ ಅತ್ತೆ
ಸಿದ್ದಮ್ಮ


ಗ್ಲಾಸ್ಗೊ
3 ಆಗಸ್ಟ್ 2025

ಅತ್ತೆ,

ನಿಮ್ಮ ಕಾಗದ ಬಂದು ಎರಡು ವಾರವಾಯಿತು. ಬರೆಯುವುದು, ಹರಿಯುವುದು, ಇದನ್ನೇ ಮಾಡಿದೆ. ಈಗ ಬರೆಯುತ್ತಿರುವುದನ್ನು ಹರಿಯುವುದಿಲ್ಲ.

ಮೊದಲು ಸಂತೋಷದ ಸುದ್ದಿ. ಪಾಸಾಗಿದ್ದೇನೆ, ಚೆನ್ನಾಗಿಯೇ ಪಾಸಾಗಿದ್ದೇನೆ. ಮೇಡಂ ಇಲ್ಲೇ ಒಂದು ಕೆಲಸಕ್ಕೆ ಅರ್ಜಿ ಹಾಕು ಅಂದರು, ನನಗೆ ನಮ್ಮೂರಲ್ಲಿ ಕೆಲಸ ಕಾದಿದೆ ಅಂದೆ. ಸೆಪ್ಟೆಂಬರ್ ಮೊದಲ ವಾರ ಬರುತ್ತೇನೆ. ಕನಕಪುರದಲ್ಲಿ ಹಳೆಯ ಸಹೋದ್ಯೋಗಿಯೊಬ್ಬರು ಕೋಣೆ ನೋಡಿಟ್ಟಿದ್ದಾರೆ.

ಆದರೆ ಆ ಕೋಣೆಗೆ ನೀವು ಬರುವ ಹಾಗಿಲ್ಲ. ಸ್ವಂತ ಮನೆಯವರಿಗೆ ಕೌನ್ಸೆಲರ್ ಆಗಬಾರದು ಅನ್ನುವುದು ನಮ್ಮ ಓದಿನ ಗಟ್ಟಿ ನಿಯಮ. ಮೊದಲು ಓದಿದಾಗ ಇದೆಂಥ ಕಟುಕರ ನಿಯಮ ಅಂದುಕೊಂಡಿದ್ದೆ. ನಿಮ್ಮ ಹೂಂ ಓದಿದ ದಿನ ಅರ್ಥವಾಯಿತು. ಯಾರ ದುಃಖವನ್ನಾದರೂ ಎದುರಿಗಿಟ್ಟುಕೊಂಡು ಅಲುಗಾಡದೆ ಕೂರಬಲ್ಲೆ ಅಂದುಕೊಂಡಿದ್ದವಳು ನಾನು. ಆ ಒಂದು ಅಕ್ಷರ ಕಂಡು ಫೋನನ್ನು ಮಗುಚಿಟ್ಟು ಎದ್ದುಹೋದೆ. ಅದು ನಿಮ್ಮ ದುಃಖ ಮಾತ್ರ ಆಗಿದ್ದರೆ ಕೇಳುತ್ತಿದ್ದೆ. ಅದು ನನ್ನದೂ ಆಗಿತ್ತು.

ಗೋಡೆಯಾಚೆ ನಿಮ್ಮದು ನನಗೆ ಕೇಳುತ್ತಿತ್ತು ಅತ್ತೆ. ಪ್ರತಿ ಸಲವೂ ಕೇಳುತ್ತಿತ್ತು.

ರಾಮನಗರದ ಆ ಡಾಕ್ಟರಮ್ಮನ ಹತ್ತಿರ ನೀವು ಒಂದು ಸಲ ಹೋಗಿ ಬನ್ನಿ, ಸಿಂಚನಳ ಜೊತೆಯಲ್ಲೇ ಹೋಗಿ. ಕೌನ್ಸೆಲರ್ ಮಾಡಬೇಕಾದ ಕೆಲಸ ಅವರು ಮಾಡಲಿ. ನಾನು ಬರುವುದು ನಿಮ್ಮ ಸೊಸೆಯಾಗಿ, ಅನಂತುವಿನ ಹೆಂಡತಿಯಾಗಿ. ಬಂದ ದಿನ ಪುಟ್ಟಿ ಮಲಗಲಿ, ಮಾವ ಹೋಟೆಲಿಗೆ ಹೋಗಲಿ, ಅಡುಗೆಮನೆಯಲ್ಲಿ ನಾವಿಬ್ಬರೇ ಕೂರೋಣ. ಅವನ ವಿಷಯ ನೀವು ಎಷ್ಟು ಹೊತ್ತು ಬೇಕಾದರೂ ಹೇಳಿ.

ನಿಮ್ಮದು ಮುಗಿದ ಮೇಲೆ ನಾನು ಹೇಳುವುದಿದೆ. ಆಗ ಎದ್ದು ಕಾಫಿಗೆ ನೀರಿಡಬೇಡಿ.

ಲತಾ